ಹೊಕ್ಕುಳ ಬಲಕ್ಕೆ ನಾಲ್ಕು ಬೆರಳು

ಇನ್ಸುಲಿನ್ ಶುರು ಮಾಡೋಣ ಎಂದು ಡಾಕ್ಟರು ಹೇಳಿದ್ದು ಅದು ಮೂರನೇ ಸಲ. ಮೊದಲ ಸಲ "ಮೂರು ತಿಂಗಳು ಟೈಮ್ ಕೊಡಿ ಸರ್, ನಡೆಯೋದು ಜಾಸ್ತಿ ಮಾಡ್ತೀನಿ" ಎಂದು ತಪ್ಪಿಸಿಕೊಂಡಿದ್ದೆ. ಎರಡನೇ ಸಲ ಮಗಳ ಮದುವೆಯ ನೆಪ ಸಿಕ್ಕಿತ್ತು. ಮೂರನೇ ಸಲಕ್ಕೆ ಕೈಯಲ್ಲಿ ಯಾವ ನೆಪವೂ ಉಳಿದಿರಲಿಲ್ಲ. ಮೇಜಿನ ಮೇಲಿದ್ದ ರಿಪೋರ್ಟಿನಲ್ಲಿ, ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 9.6. ಖಾಲಿ ಹೊಟ್ಟೆಯ ಶುಗರ್ 212. ನನಗೆ ಸಕ್ಕರೆ ಕಾಯಿಲೆ ಬಂದು ಹನ್ನೆರಡು ವರ್ಷವಾಗಿತ್ತು. ಒಂದು ಬಗೆಯ ಮಾತ್ರೆ ಮೂರು ಬಗೆಯಾಗಿತ್ತು. ಇನ್ನು ಏರಿಸಲು ಜಾಗವಿರಲಿಲ್ಲ.

ಹೆದರಿಕೆ ಸೂಜಿಯದ್ದಲ್ಲ, ಅಮ್ಮನದ್ದು. ಅಂದರೆ, ಅಮ್ಮನನ್ನು ನೋಡಿ ಬಂದ ಹೆದರಿಕೆ. ನಾನು ಹುಡುಗನಾಗಿದ್ದಾಗ ಅವಳು ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದಳು. ಗಾಜಿನ ಸಿರಿಂಜನ್ನು ನೀರಲ್ಲಿ ಕುದಿಸಿ, ಆರಿಸಿ, ಹಾಲಿನಂಥ ಬಿಳಿ ಮದ್ದಿನ ಬಾಟಲಿಯನ್ನು ಎರಡೂ ಅಂಗೈ ನಡುವೆ ಇಟ್ಟು ಮೆಲ್ಲಗೆ ಉರುಳಿಸುವುದು ನನ್ನ ಕೆಲಸವಾಗಿತ್ತು. ಕೆಲವು ರಾತ್ರಿ ಎರಡು ಗಂಟೆಗೆ ಅವಳು ಬೆವರಿ ಎದ್ದು ಕೂರುತ್ತಿದ್ದಳು. ನನ್ನನ್ನು ಬೇರೆ ಯಾರದೋ ಹೆಸರಿಂದ ಕರೆಯುತ್ತಿದ್ದಳು. ಕೊನೆಗೆ ಕಾಲಿನ ಎರಡು ಬೆರಳು ತೆಗೆದರು. ಹಾಗಾಗಿ ನನ್ನ ತಲೆಯಲ್ಲಿ ಇನ್ಸುಲಿನ್ ಅಂದರೆ ಕೊನೆಯ ಮೆಟ್ಟಿಲು ಎಂದು ಕೂತುಬಿಟ್ಟಿತ್ತು.

ಇದನ್ನೆಲ್ಲ ಡಾಕ್ಟರ ಮುಂದೆ ಒದರಿದೆ. ಅವರು ಸಮಾಧಾನವಾಗಿ ಕೇಳಿ, "ನಿಮ್ಮ ತಾಯಿಯ ಬೆರಳು ಹೋಗಿದ್ದು ಇನ್ಸುಲಿನ್‌ನಿಂದ ಅಲ್ಲ, ವರ್ಷಗಟ್ಟಲೆ ಏರಿದ್ದ ಶುಗರ್‌ನಿಂದ. ಆ ಹಾಲಿನಂಥ ಮದ್ದಿಗೂ ಇದಕ್ಕೂ ವ್ಯತ್ಯಾಸ ಇದೆ" ಎಂದರು. ಆಮೇಲೆ ಒಂದು ಪ್ರಶ್ನೆ ಕೇಳಿದರು. "ರಾತ್ರಿ ಎಂಟಕ್ಕೆ ಉಂಡು ಮಲಗಿದ್ರಿ. ಬೆಳಗ್ಗೆ ತನಕ ಏನೂ ತಿಂದಿಲ್ಲ. ಈ 212 ಎಲ್ಲಿಂದ ಬಂತು?"

ನನ್ನದು ಲೆಕ್ಕ ಬರೆಯುವ ಕೆಲಸ. ಜಮೆಯೇ ಇಲ್ಲದೆ ಬಾಕಿ ಏರಿದೆ ಅಂದರೆ ನನಗೆ ನಿದ್ದೆ ಬರುವುದಿಲ್ಲ. ಹನ್ನೆರಡು ವರ್ಷ ಕಾಯಿಲೆ ಹೊತ್ತು ತಿರುಗಿದರೂ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಉತ್ತರ ಲಿವರ್. ನಾವು ಮಲಗಿರುವಾಗ ಲಿವರ್ ತನ್ನಲ್ಲಿ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಮಿದುಳಿಗೆ ರಾತ್ರಿಯೂ ಊಟ ಬೇಕಲ್ವಾ? ಆರೋಗ್ಯವಾಗಿರುವವರಲ್ಲಿ ಮೇದೋಜೀರಕ ಗ್ರಂಥಿ ಹಗಲೂ ರಾತ್ರಿ ಸ್ವಲ್ಪ ಸ್ವಲ್ಪ ಇನ್ಸುಲಿನ್ ಬಿಡುತ್ತಾ ಲಿವರ್ ಕೈ ಹಿಡಿದಿರುತ್ತದೆ. ನನ್ನಲ್ಲಿ ಆ ಹಿಡಿತ ಸಡಿಲವಾಗಿತ್ತು. ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನ್ ಬೇಕಾಗಿದ್ದು ಈ ಹಿಡಿತಕ್ಕೆ. ಉಂಡ ಊಟ ಕರಗಿಸುವುದು ಅದರ ಕೆಲಸ ಅಲ್ಲ.

ನನಗೆ ಬರೆದುಕೊಟ್ಟಿದ್ದು ಅಂಥದ್ದೇ ಒಂದು ಇನ್ಸುಲಿನ್, ಗ್ಲಾರ್ಜಿನ್. ದಿನಕ್ಕೊಮ್ಮೆ, ರಾತ್ರಿ ಹತ್ತಕ್ಕೆ, 10 ಯೂನಿಟ್.

ಪಕ್ಕದ ಕೋಣೆಯಲ್ಲಿ ಸಿಸ್ಟರ್ ಇನ್ಸುಲಿನ್ ತುಂಬಿದ ಪೆನ್ ಕೈಗೆ ಕೊಟ್ಟರು. ಕೊಟ್ಟ ತಕ್ಷಣ ನಾನು ಮಾಡಿದ ಕೆಲಸ ಅದನ್ನು ಅಂಗೈ ನಡುವೆ ಉರುಳಿಸಿದ್ದು. ನಲವತ್ತು ವರ್ಷದ ಹಿಂದಿನ ಅಭ್ಯಾಸ, ಕೈ ಮರೆತಿರಲಿಲ್ಲ. ಸಿಸ್ಟರ್ ನಕ್ಕರು. "ಇದನ್ನ ಉರುಳಿಸೋದು ಬೇಡ ಸರ್. ನೋಡಿ, ನೀರಿನ ಹಾಗೆ ತಿಳಿಯಾಗಿದೆ. ಇದು ಬೆಳ್ಳಗೆ ಕಂಡರೆ ಬಿಸಾಕಬೇಕು."

ಅಮ್ಮನ ಮದ್ದು ಬಿಳಿಯಾಗಿದ್ದದ್ದು ಯಾಕೆ ಎಂದು ಆಮೇಲೆ ಓದಿ ತಿಳಿದುಕೊಂಡೆ. ಡೆನ್ಮಾರ್ಕಿನ ಹ್ಯಾಗೆಡಾರ್ನ್ ಎಂಬ ವೈದ್ಯರು 1930ರ ದಶಕದಲ್ಲಿ ಮೀನಿನಿಂದ ತೆಗೆದ ಪ್ರೋಟಮಿನ್ ಎಂಬ ಪ್ರೋಟೀನನ್ನು ಇನ್ಸುಲಿನ್‌ಗೆ ಬೆರೆಸಿ ಅದು ನಿಧಾನವಾಗಿ ಕರಗುವ ಹಾಗೆ ಮಾಡಿದರು. ಅದರಿಂದ ಮುಂದೆ ಬಂದದ್ದು ಅಮ್ಮನ ಬಿಳಿ ಮದ್ದು, ಎನ್‌ಪಿಎಚ್. ಆ ಹೆಸರಿನ ಕೊನೆಯ 'ಎಚ್' ಅವರದೇ. ಆ ಮದ್ದಿನ ಕೆಲಸ ಚುಚ್ಚಿದ ನಾಲ್ಕಾರು ಗಂಟೆಗೆ ಜೋರಾಗಿ ಏರಿ ಆಮೇಲೆ ಇಳಿಯುತ್ತದೆ. ಸಂಜೆ ಚುಚ್ಚಿಕೊಂಡರೆ ಆ ಏರು ನಡುರಾತ್ರಿ ಬಂದು ಶುಗರ್ ತೀರಾ ಇಳಿದುಬಿಡಬಹುದು. ಅಮ್ಮ ಎರಡು ಗಂಟೆಗೆ ಬೆವರುತ್ತಿದ್ದದ್ದು ಯಾಕೆ ಎಂದು ಗೊತ್ತಾಗಲು ನನಗೆ ಐವತ್ತೆಂಟು ವರ್ಷ ಬೇಕಾಯಿತು.

ಗ್ಲಾರ್ಜಿನ್‌ನ ಉಪಾಯ ಬೇರೆ. 2000ನೇ ಇಸವಿಯಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. ಪೆನ್ನಿನೊಳಗೆ ಅದು ಹುಳಿ ದ್ರಾವಣ, ಆಮ್ಲ. ಅದಕ್ಕೇ ತಿಳಿಯಾಗಿರುತ್ತದೆ. ಚರ್ಮದಡಿಗೆ ಹೋದ ಕೂಡಲೇ ಹುಳಿ ಹೋಗಿ, ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳಾಗಿ ಕೂತುಬಿಡುತ್ತದೆ. ಆ ಹರಳುಗಳು ಸುಮಾರು 24 ಗಂಟೆ ಸ್ವಲ್ಪ ಸ್ವಲ್ಪವೇ ಕರಗುತ್ತವೆ. ಇದನ್ನು ಬೇರೆ ಇನ್ಸುಲಿನ್ ಜೊತೆ ಒಂದೇ ಸಿರಿಂಜಿನಲ್ಲಿ ಬೆರೆಸಬಾರದು ಎನ್ನುವುದೂ ಇದೇ ಕಾರಣಕ್ಕೆ. ಕೆಲವರಿಗೆ ಚುಚ್ಚಿದಾಗ ಚುರ್ ಎನ್ನುತ್ತದೆಯಲ್ಲ, ಅದೂ ಈ ಹುಳಿಯಿಂದಲೇ. "ಊಟದ ಮುಂಚೆ ಹಾಕೋ ಇನ್ಸುಲಿನ್ ಕೊಡದಲ್ಲಿ ನೀರು ಸುರಿದ ಹಾಗೆ ಸರ್. ಇದು ಹನಿ ನೀರಾವರಿ" ಎಂದರು ಸಿಸ್ಟರ್. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಚುಚ್ಚುವುದು ಏನೂ ಅಲ್ಲ. ಸೂಜಿ 4 ಮಿಲಿಮೀಟರ್. ಹೊಸ ಸೂಜಿ ಸಿಕ್ಕಿಸಿ, ಮೊದಲು 2 ಯೂನಿಟ್ ಗಾಳಿಗೆ ಬಿಟ್ಟು ತುದಿಯಲ್ಲಿ ಹನಿ ಕಂಡಿತಾ ನೋಡಬೇಕು. ಆಮೇಲೆ 10ಕ್ಕೆ ತಿರುಗಿಸಿ, ನೇರವಾಗಿ ಚುಚ್ಚಿ, ಗುಂಡಿ ಪೂರ್ತಿ ಒತ್ತಿ, ಹತ್ತರವರೆಗೆ ಎಣಿಸಿ ಸೂಜಿ ಹೊರಗೆ ತೆಗೆಯಬೇಕು. ಬೇಗ ತೆಗೆದರೆ ಮದ್ದು ಹೊರಗೇ ತೊಟ್ಟಿಕ್ಕುತ್ತದೆ. ಮೊದಲ ರಾತ್ರಿ ಹಾಸಿಗೆಯ ಅಂಚಲ್ಲಿ ಕೂತು ಹತ್ತು ನಿಮಿಷ ಪೆನ್ನನ್ನೇ ನೋಡಿದೆ. ಹೆಂಡತಿ ಕೇಳಿದಳು, "ರೀ, ನಾನು ಚುಚ್ಚಲಾ?" ಆ ಮಾತಿಗೆ ಧೈರ್ಯ ಬಂತು. ಹೊಕ್ಕುಳ ಬಲಕ್ಕೆ ನಾಲ್ಕು ಬೆರಳು ಬಿಟ್ಟು ಚುಚ್ಚಿಕೊಂಡೆ. ಗೊತ್ತೇ ಆಗಲಿಲ್ಲ.

ಮರುದಿನ ಬೆಳಗ್ಗೆ ಎದ್ದ ಕೂಡಲೇ ಮೀಟರ್ ಹಿಡಿದೆ. 198. ಇಷ್ಟಕ್ಕೆ ಮೂರು ವರ್ಷ ಹೆದರಿದೆನಾ ಎನ್ನಿಸಿತು.

ಡಾಕ್ಟರು ಒಂದು ಚೀಟಿ ಬರೆದುಕೊಟ್ಟಿದ್ದರು. ಮೂರು ದಿನ ಬೆಳಗಿನ ಶುಗರ್ ಬರೆಯುವುದು. 130ಕ್ಕಿಂತ ಮೇಲೇ ಇದ್ದರೆ 2 ಯೂನಿಟ್ ಏರಿಸುವುದು. ಒಂದು ಸಲ 70ಕ್ಕಿಂತ ಕೆಳಗೆ ಬಂದರೂ ಏರಿಸುವುದು ನಿಲ್ಲಿಸಿ ಫೋನ್ ಮಾಡುವುದು. ಇದು ನನಗೆ ಕೊಟ್ಟ ಲೆಕ್ಕ. ವಯಸ್ಸಾದವರಿಗೆ, ಕಿಡ್ನಿ ಸೋತವರಿಗೆ ಗುರಿಯೂ ಬೇರೆ, ಏರಿಸುವ ವೇಗವೂ ಬೇರೆ. ಮೂರು ಮಾತ್ರೆಗಳಲ್ಲಿ ಒಂದನ್ನು ಅವರೇ ನಿಲ್ಲಿಸಿದರು. ಅದೂ ಇನ್ಸುಲಿನ್ನೂ ಸೇರಿದರೆ ಶುಗರ್ ತೀರಾ ಇಳಿಯುವ ಅಪಾಯ ಜಾಸ್ತಿಯಂತೆ.

ಪುಸ್ತಕ ತೆರೆದೆ. ತಾರೀಕು, ಯೂನಿಟ್, ಬೆಳಗಿನ ಶುಗರ್ ಎಂದು ಮೂರು ಕಾಲಂ. 10, 12, 14. ಒಂದೊಂದು ಮೆಟ್ಟಿಲಿಗೂ ಮೂರು ದಿನ ಕಾಯುವುದು ನನ್ನಂಥ ಆತುರಗಾರನಿಗೆ ಶಿಕ್ಷೆಯೇ. ಆದರೆ ಈ ಬಗೆಯ ಇನ್ಸುಲಿನ್ ಒಂದು ಮಟ್ಟಕ್ಕೆ ಬಂದು ನಿಲ್ಲಲು ಎರಡು ಮೂರು ದಿನ ಬೇಕು. ಅಷ್ಟರೊಳಗೆ ಇನ್ನೂ ಏರಿಸಿದರೆ ಯಾವ ಡೋಸಿನ ಫಲ ಎಂದು ತಿಳಿಯುವುದೇ ಇಲ್ಲ. 22ಕ್ಕೆ ಬಂದಾಗ ಬೆಳಗಿನ ಶುಗರ್ 118 ತೋರಿಸಿತು. ಸ್ಟ್ರಿಪ್ ಹಾಳಾಗಿದೆ ಎಂದುಕೊಂಡು ಇನ್ನೊಂದು ಹಾಕಿ ನೋಡಿದೆ. 121.

ಮೂರು ತಿಂಗಳಿಗೆ ಎಚ್‌ಬಿಎ1ಸಿ 7.7. ತೂಕ ಮೂರು ಕೆಜಿ ಏರಿತು, ಅದನ್ನು ಮುಚ್ಚಿಡುವುದಿಲ್ಲ. ಮೂತ್ರದಲ್ಲಿ ಹೋಗುತ್ತಿದ್ದ ಸಕ್ಕರೆ ಈಗ ಮೈಗೆ ಹತ್ತುತ್ತಿತ್ತು.

ಈ ಒಳ್ಳೆಯ ತಿಂಗಳುಗಳಲ್ಲೇ ಎರಡು ತಪ್ಪು ಮಾಡಿದೆ. ಒಂದು, ದಿನವೂ 2 ಯೂನಿಟ್ ಗಾಳಿಗೆ ಬಿಡುವುದು ದಂಡ ಅನ್ನಿಸಿತು. ಲೆಕ್ಕದವನ ಬುದ್ಧಿ ನೋಡಿ. ಬಿಡುವುದನ್ನು ನಿಲ್ಲಿಸಿದೆ. ಹತ್ತನೇ ದಿನವೋ ಏನೋ, ಗುಂಡಿ ಪೂರ್ತಿ ಒಳಗೆ ಹೋಯಿತು, ಬೆಳಗ್ಗೆ ಶುಗರ್ 204. ಮದ್ದಿನ ಬದಲು ಗಾಳಿ ಹೋಗಿತ್ತು. ಇನ್ನೊಂದು, ಒಂದು ಸಮಾರಂಭದಲ್ಲಿ ಹೊಟ್ಟೆ ಬಿರಿಯೆ ಉಂಡು ಬಂದು, ಶುಗರ್ 290 ಕಂಡು, ಗಾಬರಿಯಿಂದ 6 ಯೂನಿಟ್ ಜಾಸ್ತಿ ಹಾಕಿಕೊಂಡೆ. 290 ಅಷ್ಟು ಬೇಗ ಇಳಿಯಲೇ ಇಲ್ಲ. ಇಳಿದದ್ದು ಮರುದಿನ ಮಧ್ಯಾಹ್ನ, ಊಟ ತಡವಾದ ಹೊತ್ತಿಗೆ, 66ಕ್ಕೆ. ಹನಿ ನೀರಾವರಿಯಿಂದ ಬೆಂಕಿ ಆರಿಸಲು ಹೋಗಿದ್ದೆ. ಡಾಕ್ಟರು ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ.

ಆರನೇ ತಿಂಗಳ ಹೊತ್ತಿಗೆ ಲೆಕ್ಕ ತಪ್ಪತೊಡಗಿತು.

ಅದೇ 22 ಯೂನಿಟ್. ಒಂದು ದಿನ 124, ಮರುದಿನ 187, ಅದರ ಮರುದಿನ 96, ಆಮೇಲೆ 201. ಊಟ ಅದೇ, ನಡಿಗೆ ಅದೇ. 24 ಮಾಡಿದರು. 28 ಮಾಡಿದರು. ನಾಲ್ಕು ದಿನ ಸರಿ ಹೋಗುವುದು, ಮತ್ತೆ ಅದೇ ಕುಣಿತ. ಮೊದಲು ಹನ್ನೆರಡು ದಿನ ಬರುತ್ತಿದ್ದ 300 ಯೂನಿಟ್‌ನ ಪೆನ್ ಈಗ ಹತ್ತು ದಿನಕ್ಕೆ ಖಾಲಿ, ಆಮೇಲೆ ಎಂಟು ದಿನಕ್ಕೂ ಮುಂಚೆಯೇ ಖಾಲಿ. ಹದಿನಾಲ್ಕನೇ ತಿಂಗಳಿಗೆ ನಾನು 36ರಲ್ಲಿದ್ದೆ.

ನಾನು ಅನುಮಾನ ಪಡದ ವಸ್ತುವಿಲ್ಲ. ಮೊದಲು ಫ್ರಿಜ್. ತೆರೆಯದ ಪೆನ್ನುಗಳು 2ರಿಂದ 8 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಲೇಬಾರದು. ಥರ್ಮಾಮೀಟರ್ ತಂದು ಒಳಗಿಟ್ಟೆ. 5 ಡಿಗ್ರಿ. ತೆರೆದ ಪೆನ್ 30 ಡಿಗ್ರಿಯೊಳಗೆ 28 ದಿನ ಹೊರಗೇ ಇರಬಹುದು. ನನ್ನದು ಎಂಟು ದಿನವೂ ಉಳಿಯುತ್ತಿರಲಿಲ್ಲ. ಮೀಟರ್ ಬದಲಾಯಿಸಿದೆ. ಅಲಾರಂ ಇಟ್ಟು ರಾತ್ರಿ ಮೂರಕ್ಕೆ ಎದ್ದು ಪರೀಕ್ಷಿಸಿದೆ. 190, 104, 171. ತಲೆ ಬುಡ ಇಲ್ಲ. ಕೊನೆಗೆ ಹೆಂಡತಿಯ ಮೇಲೂ ಅನುಮಾನ, ಸಾರಿಗೆ ಸಕ್ಕರೆ ಹಾಕ್ತಿದ್ದೀಯಾ ಎಂದು ಕೇಳಿಬಿಟ್ಟೆ. ಆ ವಾರ ಮನೆಯಲ್ಲಿ ಮಾತು ಕಮ್ಮಿ ಇತ್ತು.

ಪ್ರತಿ ಸಲ ಆಸ್ಪತ್ರೆಗೆ ಹೋದಾಗಲೂ ಪುಸ್ತಕ ನೋಡುತ್ತಿದ್ದರು, ಬಿಪಿ ನೋಡುತ್ತಿದ್ದರು, ಪಾದ ನೋಡುತ್ತಿದ್ದರು. "ಊಟದಲ್ಲಿ ಏನೋ ವ್ಯತ್ಯಾಸ ಮಾಡ್ತಿದ್ದೀರಿ" ಎನ್ನುತ್ತಿದ್ದರು. ಹದಿನಾಲ್ಕು ತಿಂಗಳಲ್ಲಿ ಒಬ್ಬರೂ ಅಂಗಿ ಎತ್ತಿ ಎನ್ನಲಿಲ್ಲ. ಈ ಸಿಟ್ಟು ನನಗೆ ಈಗಲೂ ಪೂರ್ತಿ ಹೋಗಿಲ್ಲ.

ಅಂಗಿ ಎತ್ತಿ ಎಂದದ್ದು ಹೊಸದಾಗಿ ಬಂದ ಸಿಸ್ಟರ್, ಇಪ್ಪತ್ತೈದರ ಹುಡುಗಿ. ಪುಸ್ತಕವನ್ನು ಒಂದೇ ನಿಮಿಷ ನೋಡಿದಳು. "ಎಲ್ಲಿ ಚುಚ್ಚಿಕೊಳ್ತೀರಿ ಸರ್? ಬಾಯಲ್ಲಿ ಹೇಳ್ಬೇಡಿ, ತೋರಿಸಿ." ನನ್ನ ಕೈ ಯೋಚನೆ ಮಾಡದೆ ಹೊಕ್ಕುಳ ಬಲಕ್ಕೆ ನಾಲ್ಕು ಬೆರಳಿನ ಜಾಗಕ್ಕೆ ಹೋಯಿತು. ಅವಳು ಬೆರಳಿಗೆ ಸ್ವಲ್ಪ ಜೆಲ್ ಹಚ್ಚಿ ಹೊಟ್ಟೆಯ ಮೇಲೆ ಮೆಲ್ಲಗೆ ಸುತ್ತಿಸಿದಳು. ಆಮೇಲೆ ನನ್ನ ಬೆರಳನ್ನೇ ಹಿಡಿದು ಅಲ್ಲಿ ಇಟ್ಟಳು.

ಅರ್ಧ ನಿಂಬೆಹಣ್ಣಿನಷ್ಟು ಗಂಟು. ಮೆತ್ತಗೆ, ರಬ್ಬರಿನ ಹಾಗೆ. ಕಣ್ಣಿಗೆ ಕಾಣುತ್ತಿರಲಿಲ್ಲ. ಕನ್ನಡಿ ಮುಂದೆ ಓರೆಯಾಗಿ ನಿಂತರೆ ಸ್ವಲ್ಪ ಉಬ್ಬು, ಅಷ್ಟೇ. ವಯಸ್ಸಿನ ಬೊಜ್ಜು ಅಂದುಕೊಂಡಿದ್ದೆ.

ಇನ್ಸುಲಿನ್‌ಗೆ ಕೊಬ್ಬು ಬೆಳೆಸುವ ಗುಣವೂ ಇದೆ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಚುಚ್ಚಿದರೆ ಅಲ್ಲಿಯ ಕೊಬ್ಬು ಊದಿ ಗಂಟಾಗುತ್ತದೆ. ಅಲ್ಲಿ ಚುಚ್ಚಿದರೆ ನೋವು ಕಮ್ಮಿ. ನೋವು ಕಮ್ಮಿ ಎಂದೇ ಅಲ್ಲೇ ಚುಚ್ಚುತ್ತೇವೆ. ಗಂಟು ಇನ್ನೂ ಬೆಳೆಯುತ್ತದೆ. ಆದರೆ ಆ ಗಂಟಿನಿಂದ ಮದ್ದು ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಒಂದು ದಿನ ಅರ್ಧ, ಒಂದು ದಿನ ಪೂರ್ತಿ. ನಾನು 36 ಬರೆಯುತ್ತಿದ್ದೆ, ರಕ್ತಕ್ಕೆ ಎಷ್ಟು ಹೋಗುತ್ತಿತ್ತೋ ಯಾರಿಗೂ ಗೊತ್ತಿರಲಿಲ್ಲ. "ಸೂಜಿ ದಿನಾ ಬದಲಾಯಿಸ್ತೀರಾ?" ಎಂದು ಕೇಳಿದಳು. ಒಂದೇ ಸೂಜಿಯನ್ನು ಪೆನ್ ಮುಗಿಯುವ ತನಕ ಬಳಸುತ್ತಿದ್ದೆ. ಮೊಂಡು ಸೂಜಿಯೂ ಗಂಟಿಗೆ ದಾರಿ ಎಂದಳು.

"ಇವತ್ತಿನಿಂದ ಈ ಜಾಗ ಬಿಟ್ಟುಬಿಡಿ. ಆದ್ರೆ ಹೊಸ ಜಾಗಕ್ಕೆ 36 ಹಾಕ್ಬೇಡಿ, ಎಲ್ಲಾ ಒಟ್ಟಿಗೆ ಹತ್ತುತ್ತೆ. ಡಾಕ್ಟರು ಇವತ್ತು ಇಲ್ಲ. ಸಂಜೆ ಫೋನ್ ಮಾಡಿ ಎಷ್ಟು ಅಂತ ಕೇಳಿ. ಮರೀಬೇಡಿ ಸರ್."

ಮರೆಯಲಿಲ್ಲ. ಬೇಕೆಂದೇ ಮಾಡಲಿಲ್ಲ. 36 ಎನ್ನುವುದು ಹದಿನಾಲ್ಕು ತಿಂಗಳು ಹತ್ತಿ ಬಂದ ಮೆಟ್ಟಿಲು. ಇಳಿಸಿದರೆ ಮತ್ತೆ 200 ಬರುತ್ತದೆ, ಮತ್ತೆ ಊಟದ ಬಗ್ಗೆ ಪಾಠ ಕೇಳಬೇಕು. ಆ ರಾತ್ರಿ ಎಡ ತೊಡೆಗೆ 36 ಹಾಕಿದೆ. ಬೆಳಗ್ಗೆ 93. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಎರಡನೇ ರಾತ್ರಿ ಬಲ ತೊಡೆಗೆ 36.

ರಾತ್ರಿ ಮೂರೂಕಾಲು ಗಂಟೆಗೆ ಹೆಂಡತಿ ಅಲುಗಾಡಿಸಿ ಎಬ್ಬಿಸಿದಳು. "ರೀ, ಏನಾಗ್ತಿದೆ? ಬನಿಯನ್ ತೊಪ್ಪೆಯಾಗಿದೆ." ಕೈ ನಡುಗುತ್ತಿತ್ತು. ಎದೆ ಡವಡವ. ಲೈಟು ಹಾಕಿದ್ದೂ ಯಾರೋ ದೂರದಲ್ಲಿ ಮಾಡಿದ ಕೆಲಸದ ಹಾಗಿತ್ತು. ನಾನು ಅವಳನ್ನು "ಅಮ್ಮಾ" ಎಂದು ಕರೆದೆನಂತೆ. ನನಗೆ ನೆನಪಿಲ್ಲ. ಮೀಟರಿನಲ್ಲಿ 48.

ಅವಳು ಮೂರು ಚಮಚ ಸಕ್ಕರೆಯನ್ನು ನೀರಲ್ಲಿ ಕಲಸಿ ಕುಡಿಸಿದಳು. 15 ಗ್ರಾಂ ಆಗಬೇಕು ಎಂದು ಮೊದಲ ಸಿಸ್ಟರ್ ಹೇಳಿದ್ದನ್ನು ನಾನು ಕೇಳಿ ಬಿಟ್ಟಿದ್ದೆ, ಅವಳು ಬರೆದಿಟ್ಟಿದ್ದಳು. ಹದಿನೈದು ನಿಮಿಷಕ್ಕೆ 61. ಮತ್ತೆ ಮೂರು ಚಮಚ. 97. ಅಷ್ಟಕ್ಕೆ ಮಲಗೋಣ ಎಂದೆ. ಅವಳು ಬಿಡಲಿಲ್ಲ, ಏನಾದರೂ ಹೊಟ್ಟೆಗೆ ತಿನ್ನಿಸಿದಳು. ಸಕ್ಕರೆ ನೀರು ಬೇಗ ಏರಿಸುತ್ತದೆ, ಬೇಗ ಕರಗಿಯೂ ಹೋಗುತ್ತದೆ. ತೊಡೆಯಲ್ಲಿದ್ದ ಹರಳುಗಳು ಮಾತ್ರ ಇನ್ನೂ ಕರಗುತ್ತಲೇ ಇದ್ದವು. ಗಂಟೆಗೊಂದು ಸಲ ಬೆರಳು ಚುಚ್ಚಿ ನೋಡುತ್ತಾ ಬೆಳಗಿನ ತನಕ ಕೂತಿದ್ದಳು. ಐದು ಗಂಟೆಗೆ 84 ಬಂದಾಗ ಮತ್ತೆ ತಿನ್ನಿಸಿದಳು.

ಬೆಳಗ್ಗೆ ಫೋನ್ ಮಾಡಿದವಳೂ ಅವಳೇ. ಡಾಕ್ಟರು 28ಕ್ಕೆ ಇಳಿಸಿದರು. ಎರಡು ವಾರದಲ್ಲಿ 24ಕ್ಕೆ ಬಂತು. ಅಲ್ಲಿಗೇ ನಿಂತಿತು. 36ರ ಹನ್ನೆರಡು ಯೂನಿಟ್ ಗಂಟಿನ ಪಾಲಾಗುತ್ತಿತ್ತು ಎಂದಾಯಿತು.

ಈಗ ಹೊಟ್ಟೆಯನ್ನು ನಾಲ್ಕು ಭಾಗ ಮಾಡಿಕೊಂಡಿದ್ದೇನೆ, ತೊಡೆಗಳು ಎರಡು. ವಾರಕ್ಕೊಂದು ಭಾಗ. ಆ ಭಾಗದೊಳಗೆ ದಿನವೂ ಒಂದು ಬೆರಳು ಆಚೆಗೆ. ಹೊಸ ಸೂಜಿ, ಪ್ರತಿ ಸಲ. ಬಳಸಿದ್ದು ದಪ್ಪ ಪ್ಲಾಸ್ಟಿಕ್ ಡಬ್ಬಿಗೆ. ತಿಂಗಳಿಗೊಮ್ಮೆ ಸ್ನಾನ ಮಾಡುವಾಗ ಸೋಪಿನ ಕೈಯಲ್ಲಿ ಹೊಟ್ಟೆ, ತೊಡೆ ತಡವಿ ನೋಡುತ್ತೇನೆ. ಸೋಪಿದ್ದರೆ ಗಂಟು ಬೆರಳಿಗೆ ಬೇಗ ಸಿಗುತ್ತದೆ. ಹಳೆಯದು ಐದು ತಿಂಗಳಿಗೆ ಹೆಚ್ಚುಕಮ್ಮಿ ಕರಗಿತು. ಆದರೂ ಆ ಜಾಗವನ್ನು ಬಿಟ್ಟೇ ಇದ್ದೇನೆ.

ಮಗಳು ಮೊನ್ನೆ ಫೋನ್ ಮಾಡಿ, "ಅಪ್ಪಾ, ವಾರಕ್ಕೊಂದೇ ಸಲ ಹಾಕೋ ಇನ್ಸುಲಿನ್ ಬಂದಿದೆಯಂತೆ" ಎಂದಳು. ನಿಜ, ಐಕೊಡೆಕ್ ಎಂಬುದಕ್ಕೆ 2024ರಲ್ಲಿ ಯುರೋಪಿನಲ್ಲಿ ಒಪ್ಪಿಗೆ ಸಿಕ್ಕಿದೆ. ಅದು ರಕ್ತದ ಪ್ರೋಟೀನಾದ ಆಲ್ಬುಮಿನ್‌ಗೆ ಅಂಟಿಕೊಂಡು ವಾರವಿಡೀ ಮೆಲ್ಲಗೆ ಬಿಡುಗಡೆಯಾಗುತ್ತದೆ. ವರ್ಷಕ್ಕೆ 365 ಸಲದ ಬದಲು 52 ಸಲ. ಲೆಕ್ಕಕ್ಕೆ ಆಸೆಯಾಗುತ್ತದೆ. ಆದರೆ 48 ಕಂಡ ರಾತ್ರಿ ನೆನಪಾದರೆ, ಒಮ್ಮೆ ಒಳಗೆ ಹೋದದ್ದು ವಾರ ಪೂರ್ತಿ ಒಳಗೇ ಇರುತ್ತದಲ್ಲ ಎನ್ನಿಸುತ್ತದೆ. ನೋಡೋಣ ಎಂದಿದ್ದೇನೆ. ನೋಡೋಣ ಎಂದು ಹೇಳಿ ಮೂರು ವರ್ಷ ದೂಡಿದ ಮನುಷ್ಯ ನಾನು, ಅವಳಿಗೂ ಗೊತ್ತು. ನಕ್ಕಳು.

ಪುಸ್ತಕದಲ್ಲಿ ಈಗ ನಾಲ್ಕು ಕಾಲಂ. ನಾಲ್ಕನೆಯದರ ತಲೆಯ ಮೇಲೆ 'ಜಾಗ' ಎಂದು ಬರೆದವಳು ಹೆಂಡತಿ. ನಿನ್ನೆಯದು: 24 ಯೂನಿಟ್, ಎಡ ತೊಡೆ, ಮೇಲ್ಭಾಗ, ಬೆಳಗ್ಗೆ 112.